ಕ್ಯೂಬ್ಸ್ ಓಎಸ್: ರ‍್ಯಾಮ್ ಹಂಚಿಕೆಯ ಲೆಕ್ಕಾಚಾರ

ಪೋಲೆಂಡ್‌ನ ಭದ್ರತಾ ಸಂಶೋಧಕಿ ಜೊವಾನಾ ರುಟ್ಕೋವ್ಸ್ಕಾ ಆರಂಭಿಸಿದ ಕ್ಯೂಬ್ಸ್ ಓಎಸ್‌ನ ಮೊದಲ ಆವೃತ್ತಿ 2012ರಲ್ಲಿ ಬಿಡುಗಡೆಯಾಯಿತು. ಬ್ಯಾಂಕ್ ವ್ಯವಹಾರ, ಕಚೇರಿ ಕೆಲಸ, ಅಂತರಜಾಲ ಸಂಪರ್ಕಗಳನ್ನು ಅದು ಒಂದೇ ಗಣಕದೊಳಗಿನ ಪ್ರತ್ಯೇಕ ವರ್ಚುವಲ್ ಯಂತ್ರಗಳಲ್ಲಿ ನಡೆಸುತ್ತದೆ. ಒಂದಕ್ಕೆ ವೈರಸ್ ಹೊಕ್ಕರೂ ಉಳಿದವು ಸುರಕ್ಷಿತವಾಗಿರಬೇಕೆಂಬುದು ಉದ್ದೇಶ. ಇದಕ್ಕೆ ತೆರುವ ಬೆಲೆ ರ‍್ಯಾಮ್: ಕನಿಷ್ಠ 6 ಜಿಬಿ, ಇದ್ದರೆ ಒಳಿತು 16 ಜಿಬಿ.

ಯಂತ್ರವೊಂದಕ್ಕೆ ಸಾಮಾನ್ಯವಾಗಿ ಆರಂಭದಲ್ಲಿ 400 ಎಂಬಿ, ಗರಿಷ್ಠ 4000 ಎಂಬಿ ನಿಗದಿಯಾಗಿರುತ್ತದೆ. ಇವೆರಡರ ನಡುವೆ, ಸುಮ್ಮನಿರುವ ಯಂತ್ರದಿಂದ ಹಿಂಪಡೆದು ದುಡಿಯುವ ಯಂತ್ರಕ್ಕೆ ಹಂಚುವುದು ಕ್ಯೂಮೆಮ್‌ಮ್ಯಾನ್ ಎಂಬ ತಂತ್ರಾಂಶದ ಕೆಲಸ. ಜಾಲ, ಯುಎಸ್‌ಬಿ ಸಾಧನಗಳನ್ನು ನಿರ್ವಹಿಸುವ ಯಂತ್ರಗಳು ಮಾತ್ರ ಈ ಹಂಚಿಕೆಗೆ ಒಳಪಡವು. ಅವುಗಳ ಪಾಲು ಸ್ಥಿರ.

ರ‍್ಯಾಮ್ ಉಳಿಸಲೆಂದು ಬ್ಯಾಂಕ್ ಯಂತ್ರದಲ್ಲೇ ಅಪರಿಚಿತ ಇ-ಮೇಲ್ ಲಗತ್ತು ತೆರೆಯುವವರಿಗೆ ಕ್ಯೂಬ್ಸ್ ಬೇಕೇ ಇಲ್ಲ. ಬಳಕೆಯಲ್ಲಿಲ್ಲದ ಯಂತ್ರವನ್ನು ಸಂಪೂರ್ಣ ಮುಚ್ಚುವುದೇ ಸರಿಯಾದ ಮಾರ್ಗ. ತಾತ್ಕಾಲಿಕವಾಗಿ ತಡೆಹಿಡಿದರೆ ಅದು ಹಿಡಿದ ರ‍್ಯಾಮ್ ಬಿಡುಗಡೆಯಾಗದು.