ಊರಲ್ಲೇ ಇದ್ದ ಕೈಗಳು: ಬೆಳಗಾವಿ, ಹರಿಹರ ಮತ್ತು ಸಣ್ಣ ನಗರಗಳಿಗೆ ಉದ್ಯಮ ಬರುವ ಬಗೆ

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ತಿಳಿಯದೆ ಯಾಂತ್ರಿಕ ನಕ್ಷೆಯ ಕಡೆಗೆ ತಿರುಗಿದರು. ಕೆಲಕಾಲ ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿ, ಬಡ್ತಿಯಲ್ಲಿ ಅನ್ಯಾಯವಾಯಿತೆಂದು ಬೆಳಗಾವಿಗೆ ಮರಳಿದರು. ಅಲ್ಲಿ ಅಣ್ಣನ ಜೊತೆ ಬೈಸಿಕಲ್ ಅಂಗಡಿ ಇತ್ತು. ಕಿರ್ಲೋಸ್ಕರ್ ಸಮೂಹ ತನ್ನ ಹುಟ್ಟನ್ನು 1888ರ ಆ ಅಂಗಡಿಯಿಂದಲೇ ಎಣಿಸುತ್ತದೆ. ಸೈಕಲ್ ಮಾರಾಟ ಮತ್ತು ರಿಪೇರಿಯಿಂದ ಮೇವು ಕತ್ತರಿಸುವ ಯಂತ್ರ ಬಂತು, ಆಮೇಲೆ ಕಬ್ಬಿಣದ ನೇಗಿಲು ಬಂತು. ಕಬ್ಬಿಣ ತಾಗಿದರೆ ಹೊಲ ವಿಷವಾಗುತ್ತದೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ.

ಅದೂ ಕುದುರಿ, ಕಾರ್ಖಾನೆ ನೆಲೆ ಕಾಣುವ ಹೊತ್ತಿಗೆ ಬೆಳಗಾವಿಯ ಪುರಸಭೆ ಜಾಗ ಖಾಲಿ ಮಾಡಲು ಹೇಳಿತು. ಊರು ಬೆಳೆಯುತ್ತಿತ್ತು, ಹೊಸ ಬಡಾವಣೆಗೆ ಆ ನೆಲ ಬೇಕಿತ್ತು. ಆಗ ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ ಲಕ್ಷ್ಮಣರಾಯರನ್ನು ಕರೆದು, ತಮ್ಮ ಸೀಮೆಯಲ್ಲಿ ಬೇಕಾದ ಜಾಗ ಆರಿಸಿಕೊಳ್ಳಲು ಹೇಳಿದರು. ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಕುಂಡಲ್ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಪಕ್ಕದ 32 ಎಕರೆ ಪಾಪಾಸುಕಳ್ಳಿಯ ಬೀಳುಭೂಮಿಯಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಲಕ್ಷ್ಮಣರಾಯರ ಮಗ ಶಂತನುರಾವ್ ತಮ್ಮ ಆತ್ಮಕಥೆಗೆ ‘ಕ್ಯಾಕ್ಟಸ್ ಅಂಡ್ ರೋಸಸ್’ ಎಂದು ಹೆಸರಿಟ್ಟರು. ಕಾರ್ಖಾನೆಯ ಜಾಗ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಬೆಳಗಾವಿಯಲ್ಲಿ ಉಳಿದದ್ದು ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು.

ಈ ಹಳೆಯ ಪ್ರಸಂಗದಿಂದ ಆರಂಭಿಸಲು ಕಾರಣವಿದೆ. ಸಣ್ಣ ನಗರಗಳಿಗೆ ಕೈಗಾರಿಕೆ ತರುವ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಹೊರಗಿನಿಂದ ಬರುವವರ ಸುತ್ತಲೇ ಸುತ್ತುತ್ತದೆ: ಯಾರನ್ನು ಕರೆಯಬೇಕು, ಎಷ್ಟು ಎಕರೆ ಕೊಡಬೇಕು, ಎಷ್ಟು ವರ್ಷ ತೆರಿಗೆ ಬಿಡಬೇಕು ಎಂದು. ಊರಿನೊಳಗೆ ಆಗಲೇ ಕೆಲಸ ಬಲ್ಲವರಾಗಿ ಇರುವವರನ್ನು ಉಳಿಸಿಕೊಳ್ಳುವ ಮಾತು ಆ ಚರ್ಚೆಯಲ್ಲಿ ತೀರ ಕಡಿಮೆ. ಹೊರಗಿನವರು ಬಂದು ನಿಲ್ಲುವುದು ಇಂಥವರ ಬೆನ್ನ ಮೇಲೆಯೇ ಎಂಬುದು ನನ್ನ ವಾದ. ಬೆಳಗಾವಿ ಮತ್ತು ಹರಿಹರದ ನೂರು ವರ್ಷಗಳ ಅನುಭವ ಇದನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ವಾದದ ಬೇರು ಹಳೆಯದು. ಒಂದೇ ಕಸುಬಿನ ಅನೇಕರು ಒಂದೆಡೆ ನೆಲೆಸಿದಾಗ ಕೆಲಸದ ಗುಟ್ಟು ಗುಟ್ಟಾಗಿ ಉಳಿಯದೆ ಮಕ್ಕಳಿಗೂ ತಾನಾಗಿ ತಿಳಿಯುತ್ತದೆ ಎಂದು ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಗುರುತಿಸಿದ್ದರು. ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರವಾದದ್ದು ಜೇನ್ ಜೇಕಬ್ಸ್ 1969ರ ‘ದಿ ಎಕಾನಮಿ ಆಫ್ ಸಿಟೀಸ್’ ಪುಸ್ತಕದಲ್ಲಿ ಕೊಟ್ಟ ಜಪಾನಿನ ಉದಾಹರಣೆ. ಹೊರದೇಶದ ಸೈಕಲ್‌ಗಳನ್ನು ರಿಪೇರಿ ಮಾಡುತ್ತಿದ್ದ ಅಂಗಡಿಗಳವರು ದುಬಾರಿ ಬಿಡಿಭಾಗಗಳನ್ನು ತಾವೇ ಮಾಡತೊಡಗಿದರು, ಒಬ್ಬೊಬ್ಬರು ಒಂದೊಂದು ಭಾಗದಲ್ಲಿ ಕೈ ಪಳಗಿಸಿಕೊಂಡರು, ಕೊನೆಗೆ ಸೈಕಲ್ಲೇ ಅಲ್ಲಿ ತಯಾರಾಯಿತು. ಬೆಳಗಾವಿಯ ಸೈಕಲ್ ಅಂಗಡಿ ಹಿಡಿದಿದ್ದ ದಾರಿಯೂ ಇಂಥದ್ದೇ. ಆ ದಾರಿಯ ಅರ್ಧದಲ್ಲಿ ಊರು ಅಂಗಡಿಯನ್ನು ಕಳೆದುಕೊಂಡಿತು.

ಕಿರ್ಲೋಸ್ಕರರು ಕನ್ನಡದ ನೆಲಕ್ಕೆ ದೊಡ್ಡದಾಗಿ ಮರಳಿದ್ದು 1941ರಲ್ಲಿ, ಮೈಸೂರು ಸಂಸ್ಥಾನದ ಉತ್ತರದ ಗಡಿಯ ಹರಿಹರಕ್ಕೆ. ಮೈಸೂರು ಕಿರ್ಲೋಸ್ಕರ್ ಎಂಬ ಹೊಸ ಕಂಪನಿ ಅಲ್ಲಿ ಲೇತ್ ಮುಂತಾದ ಯಂತ್ರೋಪಕರಣ ತಯಾರಿಸತೊಡಗಿತು. ಎರಡನೆಯ ಮಹಾಯುದ್ಧದಿಂದಾಗಿ ವಿದೇಶಿ ಲೇತ್ ಸಿಗುವುದು ಕಷ್ಟವಾಗಿದ್ದ ಕಾಲ ಅದು. ಹರಿಹರಕ್ಕೆ ಬೆಂಗಳೂರು–ಪುಣೆ ರೈಲು ಮಾರ್ಗವಿತ್ತು, ಪಕ್ಕದಲ್ಲೇ ತುಂಗಭದ್ರೆ ಇತ್ತು, ಬೀಡುಕಬ್ಬಿಣಕ್ಕೆ ಭದ್ರಾವತಿ ದೂರವಿರಲಿಲ್ಲ. ಕೆಲವೇ ದಶಕಗಳಲ್ಲಿ ದೇಶದ ತಾಂತ್ರಿಕ ಶಾಲೆಗಳಲ್ಲಿ, ಬೀದಿಬದಿಯ ವರ್ಕ್‌ಶಾಪ್‌ಗಳಲ್ಲಿ ಹರಿಹರದ ಲೇತ್ ಮನೆಮಾತಾಯಿತು. ಸಂಸ್ಥಾನದ ಆಡಳಿತ ಉದ್ದಿಮೆಯೊಂದನ್ನು ಜಾಣತನದಿಂದ ತಂದುಕೊಂಡ ಉದಾಹರಣೆಯಾಗಿ ಇದನ್ನು ಧಾರಾಳವಾಗಿ ಹೇಳಬಹುದು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1991ರ ನಂತರ ಆಮದು ಸುಲಭವಾಯಿತು, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು ಬಂದವು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಕಾರ್ಖಾನೆ ಕುಸಿದು ಬಾಗಿಲು ಹಾಕಿತು. ಒಂದೇ ಕಂಪನಿಯ ಕಾಲೊನಿ, ಶಾಲೆ, ಪಾಳಿಯ ಸೈರನ್ನನ್ನು ನಂಬಿ ಬದುಕಿದ್ದ ಊರಿಗೆ ಆ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಸುಲಭವಾಗಲಿಲ್ಲ. ದೊಡ್ಡ ಕಾರ್ಖಾನೆ ತನಗೆ ಬೇಕಾದದ್ದರಲ್ಲಿ ಬಹುಪಾಲನ್ನು ತನ್ನ ಗೋಡೆಯೊಳಗೇ ಮಾಡಿಕೊಳ್ಳುತ್ತಿದ್ದರೆ, ಹೊರಗೆ ಸ್ವಂತ ಗಿರಾಕಿಗಳಿರುವ ನೂರಾರು ಸಣ್ಣ ಘಟಕಗಳು ಹುಟ್ಟುವುದಿಲ್ಲ. ಹರಿಹರದಲ್ಲಿ ಕೈಗಳಿಗೆ ವಿದ್ಯೆಯಿತ್ತು. ಆ ವಿದ್ಯೆಗೆ ಇನ್ನೊಬ್ಬ ಯಜಮಾನ ಊರಲ್ಲಿರಲಿಲ್ಲ.

ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದ ಆರಂಭದಲ್ಲಿ ಬಂದ, ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್‌ನ ಕಥೆ ಬೇರೆಯದು. ಅದು ಕೈಕೆಲಸವನ್ನು ಹುಡುಕಿ ಬಂದದ್ದಲ್ಲ, ನೀರು ಮತ್ತು ಮರವನ್ನು ಹುಡುಕಿ ಬಂದದ್ದು. ನದಿಯ ಮಾಲಿನ್ಯ, ಸತ್ತ ಮೀನು, ದಡದ ಹಳ್ಳಿಗಳ ದೂರು ವರ್ಷಗಟ್ಟಲೆ ನಡೆದವು. ಕಚ್ಚಾವಸ್ತುವಿಗಾಗಿ 1984ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಕಟ್ಟಿ ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹೊರಟಿತು. ಅದು ಹಳ್ಳಿಗಳವರು ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ಗೋಮಾಳ, ಬೆಟ್ಟ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅದೇ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಜಂಟಿ ಕಂಪನಿಯನ್ನು ಮುಚ್ಚಬೇಕಾಯಿತು. ರಿಯಾಯಿತಿಯ ಲೆಕ್ಕ ಸರ್ಕಾರದ ಖಜಾನೆಯಲ್ಲಿ ಮಾತ್ರ ಇರುವುದಿಲ್ಲ, ದನದ ಹಟ್ಟಿಯಲ್ಲೂ ಇರುತ್ತದೆ ಎಂಬುದನ್ನು ನಮ್ಮ ಉದ್ಯಮ ಇತಿಹಾಸಕಾರರು ಇನ್ನೂ ಸರಿಯಾಗಿ ಬರೆದಿಲ್ಲ. ಈ ಮಾತನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಇನ್ನು ಬೆಳಗಾವಿ. ಕಿರ್ಲೋಸ್ಕರರು ಹೋದರೂ ಆ ಊರಿನ ಕಬ್ಬಿಣದ ಕಸುಬು ಸಾಯಲಿಲ್ಲ. ದಂಡು ಇದ್ದ ಊರು. ಮುಂಬೈ, ಕೊಲ್ಹಾಪುರ, ಗೋವಾ, ಹುಬ್ಬಳ್ಳಿಗಳ ನಡುವಿನ ಊರು. ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಗಾಣ, ಪಂಪು, ಎಂಜಿನ್‌ಗಳ ರಿಪೇರಿ ನಡೆದೇ ಇತ್ತು. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಕೇಂದ್ರದ ಸಾಗಣೆ ವೆಚ್ಚ ಸಮೀಕರಣ ನೀತಿಯಿಂದಾಗಿ ಉಕ್ಕು ದೂರದ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ದರಕ್ಕೆ ಸಿಗುತ್ತಿತ್ತು. ಬಿಹಾರ, ಬಂಗಾಳಗಳಿಗೆ ಇದರಿಂದ ನಷ್ಟವಾಯಿತೆಂಬ ವಾದ ಸರಿಯೇ. ಗಣಿಯಿಂದ ದೂರವಿದ್ದ ಪಶ್ಚಿಮ ಮತ್ತು ದಕ್ಷಿಣದ ಊರುಗಳಿಗಂತೂ ಅನುಕೂಲವಾಯಿತು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಒಂದರ ಪಕ್ಕ ಒಂದು ಫೌಂಡ್ರಿಗಳು ಬಂದವು. ಅವುಗಳ ಮಗ್ಗುಲಲ್ಲಿ ಹೈಡ್ರಾಲಿಕ್ ಪಂಪು, ವಾಲ್ವ್ ಮಾಡುವವರು ಬೆಳೆದರು. ಸುರೇಶ್ ಹುಂದ್ರೆ 1981ರಲ್ಲಿ ಕಟ್ಟಿದ ಪಾಲಿಹೈಡ್ರಾನ್ ಈ ಸಾಲಿನ ಪ್ರಸಿದ್ಧ ಹೆಸರು.

ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ ನಾನು ಕಂಡ ಒಂದು ಮಧ್ಯಾಹ್ನವನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ನೀತಿಪತ್ರಗಳಲ್ಲಿ ‘ಕೌಶಲ’ ಎಂದು ಒಂದೇ ಪದದಲ್ಲಿ ಮುಗಿಸುವುದು ಇದನ್ನೇ. ನೆಲದ ಮೇಲೆ ಕಪ್ಪು ಮರಳಿನ ರಾಶಿ. ಮರಳು, ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು ಇಷ್ಟರ ಮಿಶ್ರಣ ಅದು. ಮೋಲ್ಡಿಂಗ್ ಮಾಡುವ ಹಿರಿಯರು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹಿಸುಕಿದರು, ಬೆರಳ ಗುರುತು ಮೂಡಿದ ಆ ಉಂಡೆಯನ್ನು ನಡುವೆ ಮುರಿದು ಅಂಚನ್ನು ನೋಡಿದರು, ತಲೆ ಆಡಿಸಿ ಇನ್ನಷ್ಟು ಒಣ ಮರಳು ಸೇರಿಸಲು ಹೇಳಿದರು. ಯಾಕೆಂದು ಕೇಳಿದೆ. “ಹಸಿ ಜಾಸ್ತಿ ಆತಂದ್ರ ಒಳಗ ಗಾಳಿ ಕೂಡ್ತೈತ್ರೀ ಸರ, ಮಾಲು ರಿಜೆಕ್ಟ್ ಆಕ್ಕೈತಿ” ಎಂದರು. ಪಕ್ಕದ ಗೋಡೆಗೆ ಒರಗಿಸಿದ್ದ ಕಟ್ಟಿಗೆಯ ಪ್ಯಾಟರ್ನ್ ಬೇಕಾದ ವಸ್ತುವಿಗಿಂತ ತುಸು ದೊಡ್ಡದಾಗಿತ್ತು. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುವುದರಿಂದ ಪ್ಯಾಟರ್ನ್ ಮಾಡುವವರು ಅಷ್ಟನ್ನು ಮೊದಲೇ ಕೂಡಿಸಿರುತ್ತಾರೆ. ಆ ಪ್ಯಾಟರ್ನ್ ಬಂದದ್ದು ಎರಡು ಗಲ್ಲಿ ಆಚೆಯ ಬಡಗಿಯ ಶೆಡ್ಡಿನಿಂದ. ಎರಕವಾದ ಮಾಲು ಮಷೀನಿಂಗ್‌ಗೆ ಹೋಗುವುದು ಎದುರು ರಸ್ತೆಯ ಇನ್ನೊಬ್ಬರಲ್ಲಿಗೆ, ಜಾಬ್‌ವರ್ಕ್ ಲೆಕ್ಕದಲ್ಲಿ. ಯಂತ್ರ ಕೆಟ್ಟರೆ ಕರೆಯಲು ಹತ್ತು ನಿಮಿಷದ ದಾರಿಯಲ್ಲಿ ಇಬ್ಬರು ಮೂವರಿದ್ದಾರೆ.

ಹೊರಗಿನಿಂದ ಬರುವ ಉದ್ದಿಮೆದಾರನಿಗೆ ಬೆಳಗಾವಿ ಕೊಡುವ ದೊಡ್ಡ ರಿಯಾಯಿತಿ ಈ ಹತ್ತು ನಿಮಿಷ. ಅದನ್ನು ಯಾವ ಆದೇಶವೂ ಮಂಜೂರು ಮಾಡಿಲ್ಲ. ಶಿಕ್ಷಣ ಸಂಸ್ಥೆಗಳ ಕೊಡುಗೆಯನ್ನೂ ಮರೆಯುವಂತಿಲ್ಲ: 1916ರ ಕೆಎಲ್‌ಇ ಸೊಸೈಟಿ, 1979ರ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ, 1998ರಲ್ಲಿ ಇಲ್ಲಿ ನೆಲೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಆದರೆ ಪದವಿ ಪಡೆದ ಹುಡುಗ ಬೆಂಗಳೂರು, ಪುಣೆಯ ಬಸ್ಸು ಹತ್ತದೆ ಊರಲ್ಲಿ ಉಳಿಯುವುದು ಉದ್ಯಮಬಾಗದಂಥ ಬೀದಿಯಲ್ಲಿ ಅವನಿಗೆ ಕೆಲಸವಿದ್ದರೆ ಮಾತ್ರ.

ಬೆಳಗಾವಿಯಿಂದ ಕೊಲ್ಹಾಪುರದ ಹೆದ್ದಾರಿಯಲ್ಲಿ ಹತ್ತರಗಿ ಇದೆ. 2005ರ ವಿಶೇಷ ಆರ್ಥಿಕ ವಲಯ ಕಾಯ್ದೆಯ ಬಳಿಕ, ಎಂಜಿನಿಯರಿಂಗ್ ಸೇವೆಗಳ ಕ್ವೆಸ್ಟ್ ಸಂಸ್ಥೆಯ ಸಹ-ಸ್ಥಾಪಕ ಅರವಿಂದ ಮೆಳ್ಳಿಗೇರಿ ಅಲ್ಲಿ ಸುಮಾರು 250 ಎಕರೆಯ ವಲಯ ಕಟ್ಟಿದರು. ಆ ಉದ್ದಿಮೆ ಇಂದು ಏಕಸ್ ಎಂಬ ಹೆಸರಿನಲ್ಲಿದೆ. ವಿಮಾನದ ಬಿಡಿಭಾಗಕ್ಕೆ ಬೇಕಾದ ಫೋರ್ಜಿಂಗ್, ಮಷೀನಿಂಗ್, ಮೇಲ್ಮೈ ಸಂಸ್ಕರಣೆ, ಜೋಡಣೆ ಎಲ್ಲವನ್ನೂ ಒಂದೇ ಆವರಣದಲ್ಲಿ ತರುವುದು ಯೋಜನೆಯ ತಿರುಳು. ಒಂದು ಭಾಗವನ್ನು ಇಲ್ಲಿ ಕೊರೆದು, ಸಂಸ್ಕರಣೆಗೆ ಸಮುದ್ರ ದಾಟಿಸಿ, ಮತ್ತೆ ತರಿಸುವಾಗ ತಿಂಗಳುಗಳೂ ಹಣವೂ ಸೋರುತ್ತಿದ್ದವು. ಆ ಸೋರಿಕೆ ತಡೆಯಲು ಕೆನಡಾದ ಮೆಗೆಲನ್, ಫ್ರಾನ್ಸಿನ ಓಬೇರ್ ಎ ದ್ಯುವಾಲ್ ಕಂಪನಿಗಳೊಡನೆ ಜಂಟಿ ಘಟಕಗಳಾದವು. ಏರ್‌ಬಸ್‌ನಂಥ ಗಿರಾಕಿಗಳು ಸಿಕ್ಕರು.

ಇದನ್ನು ತೆರಿಗೆ ವಿನಾಯಿತಿಯ ಗೆಲುವೆಂದು ಹೇಳುವವರಿದ್ದಾರೆ. ವಿನಾಯಿತಿಯ ಪಾಲು ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಕಾಯ್ದೆಯಡಿ ದೇಶದುದ್ದಕ್ಕೂ ಮಂಜೂರಾದ ವಲಯಗಳಲ್ಲಿ ಬಹಳಷ್ಟು ಕಾಗದದಲ್ಲೇ ಉಳಿದವು. ಅಲ್ಯೂಮಿನಿಯಂ, ಟೈಟಾನಿಯಂ ಕೆಲಸ ಉದ್ಯಮಬಾಗದ ಬೀಡುಕಬ್ಬಿಣದ ಎರಕಕ್ಕಿಂತ ಬೇರೆ ಎಂಬುದೂ ನಿಜ; ಫೌಂಡ್ರಿಯಿಂದ ವಿಮಾನಕ್ಕೆ ನೇರ ಸೇತುವೆ ಹಾಕಿದರೆ ಅದು ಉತ್ಪ್ರೇಕ್ಷೆ. ದಾಟಿ ಬಂದದ್ದು ಡ್ರಾಯಿಂಗ್ ಓದುವ ಕಣ್ಣು, ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಅಭ್ಯಾಸ, ಪಾಳಿಯ ಶಿಸ್ತು. ಜೊತೆಗೆ, ಮನೆಯಿಂದಲೇ ಬಂದುಹೋಗಿ ದುಡಿಯುವ ನೌಕರ ಕೆಲಸ ಬಿಟ್ಟು ಊರೂರು ಅಲೆಯುವುದಿಲ್ಲ. ವಿಮಾನದ ಭಾಗಕ್ಕೆ ಗಿರಾಕಿಯ ಒಪ್ಪಿಗೆ ಪಡೆಯಲು ವರ್ಷಗಳು ಬೇಕಾಗುವ ಉದ್ದಿಮೆಯಲ್ಲಿ ಇದು ಸಣ್ಣ ಮಾತಲ್ಲ. ಇದೇ ಸಂಸ್ಥೆ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಕಟ್ಟಲು ಹೊರಟಿತು. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಿನ್ನಾಳದ ಬೊಂಬೆ ಕುಶಲಿಗರು ಅದೇ ಜಿಲ್ಲೆಯಲ್ಲಿದ್ದಾರೆ, ಆದರೆ ಪ್ಲಾಸ್ಟಿಕ್ ಅಚ್ಚಿನ ಕೆಲಸಕ್ಕೂ ಅವರ ಕೈಗೂ ನಂಟು ಕಡಿಮೆ. ಅಲ್ಲಿ ಕಲಿಕೆ ಮೊದಲಿನಿಂದ ಆಗಬೇಕು, ಸಮಯ ಬೇಕು.

ರಾಜ್ಯದ ಕೈಗಾರಿಕಾ ನೀತಿಯ ಕಡೆ ಈ ಕಣ್ಣಿನಿಂದ ನೋಡಿದರೆ ಕೊರತೆ ಎಲ್ಲಿದೆ ಎಂದು ತಿಳಿಯುತ್ತದೆ. 1966ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಹಂಚುವುದನ್ನು ಚೆನ್ನಾಗಿ ಬಲ್ಲದು. 2020–25ರ ನೀತಿ ರಾಜ್ಯವನ್ನು 3 ವಲಯಗಳಾಗಿ ವಿಂಗಡಿಸಿ, ಬೆಂಗಳೂರು ನಗರ ಮತ್ತು ಗ್ರಾಮಾಂತರವನ್ನು ಮೂರನೆಯದರಲ್ಲಿಟ್ಟು, ಉಳಿದೆಡೆಗೆ ವಹಿವಾಟಿನ ಮೇಲೆ ಪ್ರೋತ್ಸಾಹಧನ ಹೇಳಿತು. ಈ ಸಲಕರಣೆಗಳ ಒತ್ತು ಹೆಚ್ಚಾಗಿ ಹೊಸಬರ ಮೇಲೆ. ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ದುಡಿಯುತ್ತಿರುವವರಿಗೆ ಮೂರನೆಯ ಯಂತ್ರ ಇಡಲು ಪಕ್ಕದಲ್ಲೇ ಕಾಲು ಎಕರೆಗಿಂತ ಕಡಿಮೆಯ ತುಂಡು ನೆಲ ಬೇಕು. ಮಧ್ಯಾಹ್ನ ಕರೆಂಟು ಹೋಗಬಾರದು. ಮಾಡಿಕೊಟ್ಟ ಮಾಲಿನ ದುಡ್ಡು ಹೊತ್ತಿಗೆ ಬರಬೇಕು. 2006ರ ಸಣ್ಣ ಉದ್ದಿಮೆಗಳ ಕಾಯ್ದೆ 45 ದಿನದ ಗಡುವು ಹಾಕಿದೆ, ನಿಜ. ದೂರು ಕೊಟ್ಟರೆ ಮುಂದಿನ ಆರ್ಡರು ಹೋಗುತ್ತದೆಂಬ ಭಯದಲ್ಲಿ ಸುಮ್ಮನಿದ್ದವರನ್ನು ನಾನು ಕಂಡಿದ್ದೇನೆ. ಒಂದು ಸಲ ಇಂಥವರೊಬ್ಬರ ಪರವಾಗಿ ಅರ್ಜಿ ಬರೆದುಕೊಟ್ಟೆ. ಸಹಿ ಹಾಕುವ ದಿನ ಅವರೇ ಬೇಡವೆಂದು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಹೊಸಬರನ್ನು ಕರೆಯುವುದನ್ನೇ ನೀತಿ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಉದಾಹರಣೆಯೊಂದಿದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯ 1936ರಲ್ಲೇ ಊರುಗಳಿಗೆ ಸಾರ್ವಜನಿಕ ಸಾಲಪತ್ರ ಹೊರಡಿಸಿ ಕಾರ್ಖಾನೆಯ ಕಟ್ಟಡ ಕಟ್ಟಿಕೊಡುವ ಅಧಿಕಾರ ಕೊಟ್ಟಿತ್ತು. ಕಾರ್ಖಾನೆಗಳು ಬಂದವು, ಬಡವರಿಗೆ ಕೂಲಿಯೂ ಸಿಕ್ಕಿತು. ಬಂದವುಗಳಲ್ಲಿ ಬಟ್ಟೆ ಹೊಲಿಯುವವೇ ಹೆಚ್ಚು. ಅಗ್ಗದ ಕೂಲಿಗೆಂದು ಬಂದವು ಇನ್ನೂ ಅಗ್ಗದ ಕೂಲಿಯ ದೇಶಗಳಿಗೆ ಹೋದವು. ಎಲ್ಲ ಊರಲ್ಲೂ ಸಿಗುವುದನ್ನೇ ಕೊಟ್ಟು ಕರೆದರೆ, ಬಂದವರಿಗೆ ಆ ಊರನ್ನೇ ಹಿಡಿದು ಕೂರುವ ಕಾರಣವಿರುವುದಿಲ್ಲ.

ಜಿಲ್ಲಾ ಕೈಗಾರಿಕಾ ಕೇಂದ್ರಗಳು ಹೊಸ ಹೂಡಿಕೆಯ ಒಪ್ಪಂದಗಳ ಪಟ್ಟಿ ಇಡುತ್ತವೆ. ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬೇಕು: ಊರಲ್ಲಿ ಯಾರು ಯಾವ ಕೆಲಸ ಬಲ್ಲರು, ಯಾವ ಯಂತ್ರ ಎಲ್ಲಿದೆ, ಯಾರು ಯಾರಿಗೆ ಜಾಬ್‌ವರ್ಕ್ ಮಾಡುತ್ತಾರೆ, ಯಾವ ಶೆಡ್ಡಿನ ಬಾಡಿಗೆ ಒಪ್ಪಂದ ಮುಂದಿನ ವರ್ಷ ಮುಗಿಯುತ್ತದೆ ಎಂಬುದರ ಪಟ್ಟಿ. ಬೀದಿ ಬೀದಿ ತಿರುಗಿದರೆ ಒಂದು ಮಳೆಗಾಲದೊಳಗೆ ಮುಗಿಯುವ ಕೆಲಸ ಇದು. ನನ್ನ ವಿದ್ಯಾರ್ಥಿಗಳೊಡನೆ ಉದ್ಯಮಬಾಗದ ಒಂದು ಗಲ್ಲಿಯಲ್ಲಿ ಇದನ್ನು ಆರಂಭಿಸಿದಾಗ, ಮೊದಲ ಶೆಡ್ಡಿನಲ್ಲೇ ಹಸಿರು ಬಣ್ಣ ಮಾಸಿದ ಹಳೆಯ ಲೇತೊಂದು ಹೈಡ್ರಾಲಿಕ್ ಬ್ಲಾಕಿನ ಮುಖ ಸವರುತ್ತಿತ್ತು. ಅದನ್ನು ನಡೆಸುತ್ತಿದ್ದ ಹುಡುಗ ಬನಿಯನ್ ಚಿಂದಿಯಿಂದ ಎಣ್ಣೆ ಒರೆಸಿ, ಹೆಡ್‌ಸ್ಟಾಕಿನ ಮೇಲಿನ ತಗಡನ್ನು ತೋರಿಸಿದ. ಹೆಸರು ಅರ್ಧ ಅಳಿಸಿತ್ತು. ಕಿರ್ಲೋಸ್ಕರ್, ಹರಿಹರ ಎಂದು ಓದಲು ಸಾಕಾಗುವಷ್ಟು ಉಳಿದಿತ್ತು.