ಧವಲೆಯ ಕಳ್ಳಪ್ರತಿ

ನಮ್ಮ ನಾರಾವಿಯಿಂದ ಮೂಡುಬಿದಿರೆ ದೂರವೇನಲ್ಲ. ಹೋದವರು ಸಾವಿರ ಕಂಬದ ಬಸದಿಯ ಫೋಟೋ ತೆಗೆದು ವಾಪಸ್ಸು ಬರುತ್ತಾರೆ. ಪಕ್ಕದ ಗುರುಬಸದಿಗೆ ಸಿದ್ಧಾಂತ ಬಸದಿ ಅಂತ ಹೆಸರು ಯಾಕೆ ಬಂತು ಅಂತ ಕೇಳುವವರು ಕಡಿಮೆ. (ನಾನೂ ಬಹಳ ವರ್ಷ ಕೇಳಿರಲಿಲ್ಲ!)

ಮೊನ್ನೆ ರುಫಿನಸ್ ಎಂಬ ಕ್ರೈಸ್ತ ಸನ್ಯಾಸಿಯ ಬಗ್ಗೆ ಓದುತ್ತಿದ್ದೆ. ಓರಿಜೆನ್‌ನ ಗ್ರೀಕ್ ಗ್ರಂಥವನ್ನು 398ರಲ್ಲಿ ಲ್ಯಾಟಿನ್ನಿಗೆ ತಂದವನು. ಸರಿಕಾಣದ ಕಡೆ ತಿದ್ದಿದ್ದೂ ಉಂಟು. ಅದಕ್ಕೆ ಹಳೆಯ ಗೆಳೆಯ ಜೆರೋಮ್ ಜೊತೆ ದೊಡ್ಡ ಜಗಳ. ಆಮೇಲೆ ಗ್ರೀಕ್ ಮೂಲದ ಬಹುಪಾಲು ಕಳೆದೇಹೋಯಿತು, ಈಗ ಬಹುತೇಕ ಅವನ ಲ್ಯಾಟಿನ್ನೇ ಗತಿ. ಆಗ ನೆನಪಾದದ್ದು ನಮ್ಮ ಧವಲೆ.

ಪುಷ್ಪದಂತ, ಭೂತಬಲಿ ಎಂಬ ಜೈನ ಮುನಿಗಳ ಪ್ರಾಕೃತ ಸೂತ್ರಗಳು ಷಟ್ಖಂಡಾಗಮ. ಅದಕ್ಕೆ ವೀರಸೇನಾಚಾರ್ಯರು ಪ್ರಾಕೃತ, ಸಂಸ್ಕೃತ ಎರಡನ್ನೂ ಬೆರೆಸಿ ಬರೆದ ಟೀಕೆ ಧವಲಾ. ಇದರ ಹಳಗನ್ನಡ ಲಿಪಿಯ ತಾಳೆಗರಿ ಉಳಿದದ್ದು ಸಿದ್ಧಾಂತ ಬಸದಿಯಲ್ಲಿ, ಅದೂ ಓದಲಿಕ್ಕಲ್ಲ, ದರ್ಶನಕ್ಕೆ.

ಗರಿ ಹಾಳಾಗುತ್ತದೆಂದು ಸೊಲ್ಲಾಪುರದ ಶ್ರಾವಕರು ಒತ್ತಾಯಿಸಿದ ಮೇಲೆ 1896ರಲ್ಲಿ ನಕಲು ಶುರುವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮಿರಜದ ಗಜಪತಿ ಉಪಾಧ್ಯಾಯರು ಕೂತು ನಾಗರಿಯಲ್ಲಿ ಬರೆದರು. ಪ್ರತಿ ಮೂಡುಬಿದಿರೆ ಬಿಟ್ಟು ಹೋಗಕೂಡದು ಅಂತ ಅಲ್ಲಿನವರ ಹಟ. ಗಜಪತಿಗಳು ಏನು ಮಾಡಿದರು ಗೊತ್ತೇ? ಹೆಂಡತಿ ಲಕ್ಷ್ಮೀಬಾಯಿಯ ಸಹಾಯದಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ! ಅದು ಉತ್ತರದ ಸಹಾರನಪುರಕ್ಕೆ ಮಾರಾಟವಾಯಿತು. ಅಲ್ಲಿ ಅದನ್ನು ನಾಗರಿಗಿಳಿಸಿದ ಸೀತಾರಾಮ ಶಾಸ್ತ್ರಿ ತನಗೂ ಒಂದು ಇಟ್ಟುಕೊಂಡರು. ಕಳ್ಳಪ್ರತಿಗೂ ಕಳ್ಳಪ್ರತಿ. ಊರೂರಿಗೆ ಹರಡಿದ್ದು ಅದೇ. 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನ್ ಹಿಂದಿ ಅನುವಾದದ ಜೊತೆ ಮೊದಲ ಸಂಪುಟ ಅಚ್ಚು ಹಾಕಿಸಿದ್ದೂ ಅಂಥ ಪ್ರತಿಗಳಿಂದಲೇ.

ಗಜಪತಿಗಳು ಮಾಡಿದ್ದು ಕೊಟ್ಟ ಮಾತಿಗೆ ದ್ರೋಹವೇ, ನಾನೇನೂ ಸಮರ್ಥಿಸುವುದಿಲ್ಲ. ಆದರೂ ಆ ದ್ರೋಹ ನಡೆಯದಿದ್ದರೆ ಆ ಪುಸ್ತಕ ಅಷ್ಟು ಬೇಗ ಅಚ್ಚಾಗುತ್ತಿತ್ತೆ ಅನ್ನುವುದು ನನ್ನ ಅನುಮಾನ.

ಮಜಾ ಇರುವುದು ಮುಂದೆ. ಮೊದಲ ಸಂಪುಟದ 93ನೇ ಸೂತ್ರ ಸ್ತ್ರೀಯರು ಏರಬಹುದಾದ ಗುಣಸ್ಥಾನಗಳ ಬಗ್ಗೆ. ಅಲ್ಲಿ ‘ಸಂಜದ’, ಅಂದರೆ ಪೂರ್ಣ ಸಂಯಮಿ, ಎಂಬ ಪದ ಇರಬೇಕಿತ್ತು ಅಂತ ಸಂಪಾದಕರಿಗೆ ಅನ್ನಿಸಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಇರಲಿಲ್ಲ, ಅಡಿಟಿಪ್ಪಣಿಯಲ್ಲಿ ಹಾಕಿದರು. ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲ ಎನ್ನುವ ದಿಗಂಬರ ಪಂಡಿತರಲ್ಲಿ ಕೋಲಾಹಲ. ಕೊನೆಗೆ ಮೂಡುಬಿದಿರೆಯ ಮಠದವರು ಮನಸ್ಸು ಬದಲಿಸಿ ಮೂಲಕ್ಕೆ ಹೋಲಿಸಿ ನೋಡಲು ಬಿಟ್ಟರು.

ತಾಳೆಗರಿಯಲ್ಲಿ ಆ ಪದ ಇತ್ತು.