‘ಆದಿಲ’ ಎಂಬ ಹೆಸರು

ಇತಿಹಾಸದ ಪಾಠದಲ್ಲಿ ಆದಿಲಶಾಹಿಯ ಮಾತು ಬಂದೊಡನೆ ವಿದ್ಯಾರ್ಥಿಗಳು ಯೂಸುಫನಿಂದ ಸಿಕಂದರನವರೆಗಿನ ಒಂಬತ್ತು ಅರಸರ ಹೆಸರುಗಳನ್ನೂ, 1490, 1565, 1686 ಎಂಬ ಇಸವಿಗಳನ್ನೂ ತಡವರಿಸದೆ ಒಪ್ಪಿಸಿಬಿಡುತ್ತಾರೆ. ಆದರೆ ಆ ಹೆಸರುಗಳ ಜೊತೆಗೆಲ್ಲ ಬರುವ ‘ಆದಿಲ’ ಎಂಬುದರ ಅರ್ಥವೇನೆಂದು ಕೇಳಿದರೆ ತರಗತಿಯು ಮೌನವಾಗುತ್ತದೆ. ಅದು ಮನೆತನದ ಅಡ್ಡಹೆಸರಿರಬೇಕೆಂದು ಕೆಲವರು, ಯಾವುದೋ ಊರಿನ ಹೆಸರಿರಬೇಕೆಂದು ಕೆಲವರು ಊಹಿಸುತ್ತಾರೆ. ಸೊಲ್ಲಾಪುರದಿಂದ ಆದವಾನಿಯವರೆಗೆ ನಮ್ಮ ಗಡಿನಾಡಿನ ಬಹುಭಾಗವು ಒಂದು ಕಾಲಕ್ಕೆ ಈ ಹೆಸರಿನ ಅರಸರ ಆಳಿಕೆಗೆ ಒಳಪಟ್ಟಿದ್ದಿತು. ಆದುದರಿಂದ ಈ ಹೆಸರಿನ ಅರ್ಥವನ್ನೂ, ಅದು ನಡೆದುಬಂದ ದಾರಿಯನ್ನೂ ಅರಿತುಕೊಳ್ಳುವುದು ನಮಗೆ ಅನುಚಿತವಾಗಲಾರದು.

‘ಆದಿಲ್’ ಎಂಬುದು ಅರಬ್ಬೀ ಶಬ್ದ. ಅರಬ್ಬೀಯಲ್ಲಿ ಬಹುತೇಕ ಶಬ್ದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಇದರ ಧಾತು ಐನ್, ದಾಲ್, ಲಾಮ್ ಎಂಬ ಮೂರು ಅಕ್ಷರಗಳು. ಐನ್ ಎಂಬುದು ಗಂಟಲಿನ ಆಳದಿಂದ ಹೊರಡುವ ಧ್ವನಿ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದ ಕಾರಣ ನಾವು ಸ್ವರವನ್ನಷ್ಟೇ ಬರೆಯುತ್ತೇವೆ. ಈ ಧಾತುವಿನಿಂದ ‘ಅದ್ಲ್’ ಎಂದರೆ ನ್ಯಾಯ, ‘ಆದಿಲ್’ ಎಂದರೆ ನ್ಯಾಯವಂತ, ‘ಆದಿಲಾ’ ಎಂದರೆ ನ್ಯಾಯವಂತೆ. ಹಗಲಿರುಳುಗಳು ಸಮನಾಗುವ ಕಾಲಕ್ಕೆ ಹೇಳುವ ‘ಇಅತಿದಾಲ್’ ಎಂಬ ಶಬ್ದವೂ ಇದೇ ಕುಲಕ್ಕೆ ಸೇರಿದ್ದು.

ಇದೇ ಧಾತುವಿನ ಇನ್ನೊಂದು ಶಬ್ದ ‘ಇದ್ಲ್’. ಹೇರು ಹೊರುವ ಪ್ರಾಣಿಯ ಬೆನ್ನಿನ ಎರಡು ಪಕ್ಕಗಳಲ್ಲಿ ತೂಗುವ ಸಮಭಾರದ ಎರಡು ಹೊರೆಗಳಲ್ಲಿ ಒಂದಕ್ಕೆ ಈ ಹೆಸರು. ಹೇರೆತ್ತಿನ ಮೇಲೆ ಗೋಣಿಗಳನ್ನು ಹೇರಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಒಂದು ಗೋಣಿಯ ಭಾರ ಹೆಚ್ಚಾದರೆ ಹೇರು ಜಾರುತ್ತದೆ, ಎತ್ತಿನ ಬೆನ್ನು ಹುಣ್ಣಾಗುತ್ತದೆ, ಪಯಣ ನಿಲ್ಲುತ್ತದೆ. ನ್ಯಾಯವೆಂಬ ಹಿರಿದಾದ ಭಾವನೆಗೂ ಈ ದಿನಬಳಕೆಯ ಅನುಭವಕ್ಕೂ ಒಂದೇ ಧಾತು ಇರುವುದು ಗಮನಾರ್ಹ. ನಮಗೆ ಪರಿಚಿತವಾದ ‘ಇನ್ಸಾಫ್’, ‘ಮುನ್ಸಿಫ್’ ಎಂಬ ಮಾತುಗಳ ಹಿನ್ನೆಲೆಯೂ ಇಂಥದೇ. ಅವುಗಳ ಮೂಲದಲ್ಲಿರುವ ‘ನಿಸ್ಫ್’ ಎಂಬುದಕ್ಕೆ ಅರ್ಧ ಎಂದರ್ಥ; ಸಮನಾಗಿ ಅರ್ಧ ಮಾಡಿ ಕೊಡುವವನೇ ಮುನ್ಸಿಫ.

ಇಸ್ಲಾಮೀ ಪರಂಪರೆಯಲ್ಲಿ ದೇವರಿಗೆ ಹೇಳುವ ತೊಂಬತ್ತೊಂಬತ್ತು ನಾಮಗಳಲ್ಲಿ ‘ಅಲ್-ಅದ್ಲ್’ ಎಂಬುದೂ ಒಂದು. ಧರ್ಮಶಾಸ್ತ್ರದಲ್ಲಿ ಸಾಕ್ಷಿ ನುಡಿಯುವವನು ನಡತೆಯಲ್ಲಿ ‘ಆದಿಲ್’ ಆಗಿರಬೇಕೆಂಬ ನಿಯಮವುಂಟು. ಮೊರಾಕ್ಕೊ ದೇಶದಲ್ಲಿ ಮದುವೆಯ ಕರಾರು ಮುಂತಾದ ದಸ್ತಾವೇಜುಗಳನ್ನು ಬರೆದು ದೃಢೀಕರಿಸುವ ಅಧಿಕಾರಿಗಳಿಗೆ ಈಗಲೂ ಇದೇ ಧಾತುವಿನ ಹೆಸರಿದೆ. ಹೀಗೆ ಈ ಮಾತು ಅರಸರ ಸೊತ್ತಾಗುವುದಕ್ಕೆ ಮೊದಲೇ ಸಾಮಾನ್ಯನಾದ ಪ್ರಾಮಾಣಿಕ ಸಾಕ್ಷಿಗೂ ಸಲ್ಲುವ ವಿಶೇಷಣವಾಗಿದ್ದಿತು.

ಪರ್ಷಿಯಾ ದೇಶದಲ್ಲಿ ನ್ಯಾಯಕ್ಕೆ ‘ದಾದ್’ ಎಂಬ ಸ್ವಂತ ಶಬ್ದವಿತ್ತು. ಮರಾಠಿಯವರು ಪರಿಹಾರ ಬೇಡುವುದಕ್ಕೆ ‘ದಾದ ಮಾಗಣೆ’ ಎಂದು ಹೇಳುವುದನ್ನು ಸೊಲ್ಲಾಪುರದ ಕಡೆಯ ನಮ್ಮ ಓದುಗರು ಕೇಳಿಯೇ ಇರುತ್ತಾರೆ. ಅದು ಈ ಶಬ್ದವೇ. ಕ್ರಿ.ಶ. 531ರಿಂದ 579ರವರೆಗೆ ಆಳಿದ ಒಂದನೆಯ ಖುಸ್ರೋ, ಎಂದರೆ ನೌಶೀರವಾನನು, ನ್ಯಾಯಕ್ಕೆ ಗಾದೆಯಾದ ಅರಸ. ಫಾರಸಿಯು ಅರಬ್ಬೀ ಶಬ್ದಗಳನ್ನು ಸ್ವೀಕರಿಸಿದ ಮೇಲೆ ಅವನು ‘ನೌಶೀರವಾನ್-ಎ-ಆದಿಲ್’ ಎಂದೂ ಪ್ರಸಿದ್ಧನಾದನು. ಅಲ್ಲಿಂದ ಮುಂದೆ ಈ ಶಬ್ದವು ರಾಜಬಿರುದಾಗಿ ದೇಶದೇಶಗಳಲ್ಲಿ ಹಬ್ಬಿತು. ಸಲಾಹುದ್ದೀನನ ತಮ್ಮನೂ 1200ರಿಂದ 1218ರವರೆಗೆ ಈಜಿಪ್ತಿನ ಸುಲ್ತಾನನೂ ಆಗಿದ್ದವನ ಬಿರುದು ‘ಅಲ್-ಮಲಿಕ್ ಅಲ್-ಆದಿಲ್’. ಮೊಗಲ ಬಾದಶಹ ಜಹಾಂಗೀರನು 1605ರಲ್ಲಿ ಪಟ್ಟಕ್ಕೆ ಬಂದೊಡನೆ, ದೂರುಳ್ಳವರು ಎಳೆಯಲೆಂದು ಆಗ್ರಾ ಕೋಟೆಯಲ್ಲಿ ಗಂಟೆಗಳ ಸರಪಳಿಯೊಂದನ್ನು ಕಟ್ಟಿಸಿದುದಾಗಿ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅದರ ಹೆಸರೂ ‘ಜಂಜೀರ್-ಎ-ಅದ್ಲ್’.

ಬಿರುದನ್ನು ಧರಿಸುವುದು ಸುಲಭ, ಅದಕ್ಕೆ ತಕ್ಕಂತೆ ನಡೆಯುವುದು ಕಷ್ಟ. ದಿಲ್ಲಿಯ ಸೂರ್ ವಂಶದಲ್ಲಿ ಶೇರ್‌ಷಾನ ಮಗ ಇಸ್ಲಾಂಷಾನು ತೀರಿಕೊಂಡಾಗ ಅವನ ಮಗ ಫಿರೋಜನು ಇನ್ನೂ ಬಾಲಕ. ಆ ಬಾಲಕನ ಸೋದರಮಾವನಾದ ಮುಬಾರಿಜಖಾನನು ತಾಯಿಯ ಮೊರೆಯನ್ನೂ ಲೆಕ್ಕಿಸದೆ ಅವನನ್ನು ಕೊಂದು ಗದ್ದುಗೆಯೇರಿದನು. ಏರಿ ‘ಮಹಮ್ಮದ್ ಆದಿಲ್ ಷಾ’ ಎಂಬ ಹೆಸರನ್ನಿಟ್ಟುಕೊಂಡನು! ಎರಡನೆಯ ಪಾಣಿಪತದ ಕಾಳಗದಲ್ಲಿ ಬಿದ್ದ ಹೇಮು ಇವನ ಮಂತ್ರಿ. ಜನರು ಈ ಅರಸನನ್ನು ಮೊದಲು ‘ಅದಲೀ’ ಎಂದು ಕರೆದು, ಆ ಮೇಲೆ ಅದನ್ನೇ ತಿರುಚಿ ‘ಅಂಧಲೀ’, ಎಂದರೆ ಕುರುಡ, ಎಂದರೆಂದು ಫಾರಸಿಯ ಇತಿಹಾಸಕಾರ ಫಿರಿಸ್ತನು ಬರೆದಿದ್ದಾನೆ. ಅರಸನು ತನಗೆ ತಾನೇ ಹೆಸರಿಟ್ಟುಕೊಳ್ಳಬಹುದು. ಆ ಹೆಸರನ್ನು ತೂಗಿ ನೋಡುವವರು ಪ್ರಜೆಗಳು.

ಇನ್ನು ಬಿಜಾಪುರಕ್ಕೆ ಬರೋಣ. ಈ ವಂಶದ ಮೂಲಪುರುಷ ಯೂಸುಫನಿಗೆ ‘ಆದಿಲ್ ಖಾನ್’ ಎಂಬುದು ಬಹಮನಿ ದರಬಾರಿನಲ್ಲಿ ದೊರೆತ ಬಿರುದು. ಬಹಮನಿ ರಾಜ್ಯವು ಒಡೆದು ಬಿಜಾಪುರವು ಸ್ವತಂತ್ರವಾದ ಮೇಲೆ ಬಿರುದೇ ವಂಶದ ಹೆಸರಾಯಿತು. ‘ಖಾನ್’ ಹೋಗಿ ‘ಷಾ’ ಬಂದಿತು. ಅನ್ಯಭಾಷೆಯವರ ಬಾಯಲ್ಲಿ ಈ ಹೆಸರು ರೂಪಾಂತರವನ್ನೂ ಹೊಂದಿತು. ಹಳೆಯ ಮರಾಠಿ ಕಾಗದಪತ್ರಗಳಲ್ಲಿ ಅದು ‘ಇದಲಶಹಾ’. 1510ರಲ್ಲಿ ಗೋವೆಯನ್ನು ಇವರಿಂದ ಕಿತ್ತುಕೊಂಡ ಪೋರ್ತುಗೀಜರು ‘ಆದಿಲ್ ಖಾನ್’ ಎಂಬುದನ್ನು ‘ಇದಲ್ಕಾಂವ್’ ಎಂದು ಮಾಡಿದರು. ಪಣಜಿಯಲ್ಲಿ ಮಾಂಡವಿ ನದಿಯ ದಡದ ಮೇಲಿರುವ ಹಳೆಯ ಅರಮನೆಗೆ ಇಂದಿಗೂ ಆ ಹೆಸರುಂಟು. ವಿಜಯನಗರವನ್ನು ಕಂಡು ಬರೆದ ಪೋರ್ತುಗೀಜರ ಬರಹಗಳಲ್ಲಿ ಇಂಥದೇ ಹೆಸರು ಎದುರಾದಾಗ ವಿದ್ಯಾರ್ಥಿಗಳು ಬೆದರಬೇಕಾಗಿಲ್ಲ. ಅದು ನಮ್ಮ ಆದಿಲನೇ.

ಈ ಮನೆತನದವರು ಹೆಸರಿಗೆ ತಕ್ಕಂತೆ ನಡೆದರೆ? ಒಬ್ಬನೇ ಅರಸನನ್ನು ತೆಗೆದುಕೊಂಡು ನೋಡೋಣ. 1534ರಿಂದ 1558ರವರೆಗೆ ಆಳಿದ ಒಂದನೆಯ ಇಬ್ರಾಹೀಮನು ಸರಕಾರದ ಲೆಕ್ಕಪತ್ರಗಳನ್ನು ಫಾರಸಿಯಿಂದ ಬಿಡಿಸಿ ‘ಹಿಂದವೀ’ಯಲ್ಲಿ, ಎಂದರೆ ಈ ನಾಡಿನ ಮಾತಿನಲ್ಲಿ, ಬರೆಯುವಂತೆ ಆಜ್ಞೆ ಮಾಡಿದನೆಂದೂ, ಅದರಿಂದ ಬ್ರಾಹ್ಮಣ ಲೆಕ್ಕಿಗರಿಗೆ ಆಡಳಿತದಲ್ಲಿ ಪ್ರಾಬಲ್ಯ ಬಂದಿತೆಂದೂ ಫಿರಿಸ್ತನು ತಿಳಿಸುತ್ತಾನೆ. ಫಾರಸಿಯ ಜೊತೆಗೆ ಮರಾಠಿಯನ್ನೂ ಬರೆದ ಆದಿಲಶಾಹಿ ಫರ್ಮಾನುಗಳು ಇಂದಿಗೂ ಉಳಿದಿವೆ. ತೆರಿಗೆ ಕೊಡುವ ರೈತನಿಗೆ ತನ್ನ ಲೆಕ್ಕ ಯಾವ ಭಾಷೆಯಲ್ಲಿದೆ ಎಂಬುದು ಸಣ್ಣ ವಿಷಯವಲ್ಲ. ಆದರೆ ಇದೇ ಇಬ್ರಾಹೀಮನು ಕೊನೆಗಾಲದಲ್ಲಿ ಕಾಯಿಲೆ ಬಿದ್ದಾಗ, ತನ್ನನ್ನು ಗುಣಪಡಿಸಲಾರದ ವೈದ್ಯರಲ್ಲಿ ಕೆಲವರ ತಲೆ ಕಡಿಸಿದನು, ಕೆಲವರನ್ನು ಆನೆಯ ಕಾಲಿಗೆ ಹಾಕಿಸಿದನು ಎಂಬುದನ್ನೂ ಅದೇ ಇತಿಹಾಸಕಾರನೇ ಬರೆದಿದ್ದಾನೆ. ಒಂದು ಕಡೆಯ ಗೋಣಿಯನ್ನಷ್ಟೇ ನೋಡಿ ಅರಸನನ್ನು ಹೊಗಳುವುದಾಗಲಿ, ಇನ್ನೊಂದು ಕಡೆಯದನ್ನಷ್ಟೇ ನೋಡಿ ತೆಗಳುವುದಾಗಲಿ ಇತಿಹಾಸವಾಗಲಾರದು. ಎರಡನ್ನೂ ತೂಗುವುದೇ ಇತಿಹಾಸಕಾರನ ‘ಅದ್ಲ್’.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದುಕೊಂಡನು, ಆದಿಲಶಾಹಿ ಮುಗಿಯಿತು. ಆದರೆ ಶಬ್ದವು ಮುಗಿಯಲಿಲ್ಲ. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದಲ್ಲಿ ಏರ್ಪಡಿಸಿದ ನ್ಯಾಯಸ್ಥಾನಗಳಿಗೆ ‘ದಿವಾಣಿ ಅದಾಲತ್’, ‘ಫೌಜದಾರಿ ಅದಾಲತ್’ ಎಂಬ ಹೆಸರುಗಳೇ ಇದ್ದವು. 1987ರ ಕಾನೂನಿನಿಂದ ಶಾಸನಬದ್ಧವಾದ ಲೋಕ ಅದಾಲತ್ತು ಇಂದು ಹಳ್ಳಿಯ ಜನರಿಗೂ ತಿಳಿದಿದೆ. ಅರಸನ ಬಿರುದಾಗಿದ್ದ ಶಬ್ದವು ಪ್ರಜೆಯು ಬಾಗಿಲು ತಟ್ಟುವ ಮನೆಯ ಹೆಸರಾಯಿತು.

ಗಡಿನಾಡಿನ ಕನ್ನಡಿಗರಾದ ನಾವು ಈ ಶಬ್ದದಿಂದ ಕಲಿಯಬೇಕಾದುದು ಇನ್ನೊಂದಿದೆ. ಮೊರೆಯಿಡುವವನ ಮಾತು ಅರ್ಥವಾಗದ ಕಡೆ ತಕ್ಕಡಿ ಸಮನಾಗಲಾರದು. ಭಾರತದ ಸಂವಿಧಾನದ 350ನೆಯ ವಿಧಿಯು, ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ಅಧಿಕಾರಿಗಾದರೂ ಆಯಾ ಕೇಂದ್ರ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಯಾವುದರಲ್ಲಾದರೂ ಅರ್ಜಿ ಬರೆದುಕೊಳ್ಳುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 1956ರಲ್ಲಿ ಸೇರಿಸಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಇವು ಬರೆದ ಮಾತುಗಳು. ಬಿರುದು ಧರಿಸಿದ ಮಾತ್ರಕ್ಕೆ ಅರಸನು ಆದಿಲನಾಗದಂತೆ, ಬರೆದ ಮಾತ್ರಕ್ಕೆ ವಿಧಿಯೂ ನ್ಯಾಯವಾಗದು. ಕೇಳುವವರು ಇರಬೇಕು, ನಡೆಸುವವರೂ ಇರಬೇಕು.

ನಮ್ಮ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಆದಿಲ, ಆದಿಲಾ ಎಂಬ ಹೆಸರಿನ ಮಕ್ಕಳೂ ಇರುತ್ತಾರೆ. ಮುಂದಿನ ಸಲ ಆ ಹೆಸರನ್ನು ಕೂಗುವಾಗ ಉಪಾಧ್ಯಾಯರು ಅದರ ಅರ್ಥವನ್ನು ತರಗತಿಗೆಲ್ಲ ಹೇಳಲಿ. ಒಂಬತ್ತು ಅರಸರು ಹೊತ್ತ ಹೆಸರು ಇದೆಂದು ತಿಳಿದರೆ ಆ ಮಗುವಿಗೆ ಹೆಮ್ಮೆಯಾದೀತು; ಪ್ರಾಮಾಣಿಕನಾದ ಸಾಕ್ಷಿಗೆ ಸಲ್ಲುತ್ತಿದ್ದ ಹೆಸರು ಇದೆಂದು ತಿಳಿದರೆ ಪಕ್ಕದಲ್ಲಿ ಕುಳಿತ ಮಗುವಿಗೂ ಅದರಲ್ಲಿ ಪಾಲು ದೊರೆತೀತು.